ಜ್ವಾಲಾಮುಖಿಯ ಬುಡದ ಕಾಫಿ ತೋಟ

ಮಾನ್ಯರೇ,

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ‘ಇಶ್ಕಾನುಲ್’ ಚಿತ್ರ ನೋಡಿದಾಗಿನಿಂದ ಮನಸ್ಸು ಆ ಕಪ್ಪು ಬೂದಿಯ ಇಳಿಜಾರಿನಲ್ಲೇ ಇದೆ. ಪಕಾಯಾ ಜ್ವಾಲಾಮುಖಿಯ ಮಗ್ಗುಲಲ್ಲಿ ಕಾಫಿ ಕೊಯ್ದು ಬದುಕುವ ಒಂದು ಸಂಸಾರದ ಕಥೆ. ಅಲ್ಲಿ ಬೆಟ್ಟಕ್ಕಿಂತ ಹೆಚ್ಚು ಕುದಿಯುವುದು ತಾಯಿ–ಮಗಳ ಒಡಲು. ಮಾತೆಲ್ಲ ಬಹುಪಾಲು ಅಲ್ಲಿನ ಮೂಲನಿವಾಸಿ ಮಾಯಾ ಜನರ ಕಕ್ಚಿಕೆಲ್ ಎಂಬ ಭಾಷೆಯದು. ಅಂಥ ಚಿತ್ರಕ್ಕೆ 2015ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಸಿಕ್ಕಿತು. ನಾಯಕಿಗೆ ಅದೇ ಮೊದಲ ಸಿನಿಮಾ ಎಂದರೆ ನಂಬಲಾಗದು!

ನಮ್ಮ ಕೊಡಗು, ಚಿಕ್ಕಮಗಳೂರಿನ ಲೈನ್‌ಮನೆಗಳಲ್ಲೂ ಇಂಥ ತಾಯಂದಿರಿದ್ದಾರೆ. ಅವರ ಬದುಕನ್ನು ಅವರದೇ ನುಡಿಯಲ್ಲಿ ತೆರೆಗೆ ತರುವ ಹೊಸಬರಿಗೆ ಸರ್ಕಾರ ಹಣದ ನೆರವು ಕೊಡಲಿ. ಬೆಂಗಳೂರು ಚಿತ್ರೋತ್ಸವದವರು ಇಂಥ ಚಿತ್ರಗಳನ್ನು ಕನ್ನಡ ಅಡಿಬರಹದೊಂದಿಗೆ ಜಿಲ್ಲಾ ಕೇಂದ್ರಗಳಿಗೂ ಒಯ್ಯಲಿ.

– ಒಬ್ಬ ಚಿತ್ರಪ್ರೇಮಿ, ಬಸವನಗುಡಿ, ಬೆಂಗಳೂರು