ಎಲ್ಲಿಂದ ತಂದೆ?

ಪ್ರೀತಿಯ ಸೀನ,

ನಿನ್ನ ರಾಕ್ಷಸರ ಸಂಕಲನಕ್ಕೆ ತಿದ್ದಿ ಕೊಡಬೇಕಿದ್ದ ಕತೆ ಇನ್ನೂ ನನ್ನ ಹತ್ತಿರವೇ ಇದೆ. ಗಡುವು ಮುಗಿದು ಮೂರು ವಾರ ಆಯಿತು, ಗೊತ್ತು. ಇಲ್ಲಿ ಎಲ್ಲರ ಎದುರು ಬರೆದರೆ ಸ್ವಲ್ಪ ಮರ್ಯಾದೆಯಿಂದ ಬೈಯುತ್ತೀಯ ಅಂತ ಒಂದು ಲೆಕ್ಕ. (ಓದುತ್ತಿರುವ ಉಳಿದವರಿಗೆ ನಮಸ್ಕಾರ. ಹಸಿರು ಟವೆಲ್ಲಿನ ವಿಷಯ ಮಾತ್ರ ಯಾರೂ ಕೇಳಬೇಡಿ.)

ನೀನು ಕಳಿಸಿದ ಉಳಿದ ಕತೆಗಳನ್ನೂ ಓದಿದೆ. ಎಲ್ಲವೂ ಸ್ವಂತದ್ದೇ, ಕದ್ದ ಮಾಲಿಲ್ಲ, ಸಂತೋಷ. ಆದರೆ ಮೂರನೇ ಪುಟಕ್ಕೇ ರಾಕ್ಷಸನನ್ನು ದೀಪದ ಕೆಳಗೆ ನಿಲ್ಲಿಸಿ ಹಲ್ಲು ಎಣಿಸುವವರೇ ಜಾಸ್ತಿ. ಎಣಿಸಿ ಮುಗಿದ ಮೇಲೆ ಭಯ ಎಲ್ಲಿಂದ ಬರಬೇಕು? ಬಾವಿಯ ಕತೆಯೊಂದೇ ನನ್ನ ನಿದ್ದೆ ಕೆಡಿಸಿದ್ದು. ಅದರಲ್ಲಿ ಕಾಣುವುದು ಒಂದು ಒದ್ದೆ ಕೈ, ಅದೂ ಮೊಣಕೈವರೆಗೆ. ಹಗ್ಗ ಎಳೆಯುವುದೂ ಇಲ್ಲ. ಸುಮ್ನೆ ಹಿಡಿದುಕೊಂಡಿರುತ್ತದೆ.

ಎಲ್ಲರೂ ಒಂದೊಂದು ಕತೆ ಬರೆಯಿರಿ ಅಂತ ನೀನು ಸವಾಲು ಹಾಕಿದಾಗ, ದೊಡ್ಡ ಬೈರನ್ ಬಂದ ಅಂತ ನಕ್ಕಿದ್ದೆ. 1815ರಲ್ಲಿ ಇಂಡೋನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯಲ್ಲಿ ಮಳೆಗೆ ಒಳಗೆ ಕೂತ ಇಂಗ್ಲಿಷ್ ಕವಿ ಬೈರನ್ ಮತ್ತವನ ಗೆಳೆಯರು ಓದುತ್ತಿದ್ದದ್ದೂ ಒಂದು ಸಂಕಲನವನ್ನೇ: ಜರ್ಮನ್ ದೆವ್ವದ ಕತೆಗಳು, ಫ್ರೆಂಚಿನಲ್ಲಿ. ಸವಾಲು ಹಾಕಿದ ಬೈರನ್ನನ ಕತೆ ಅರ್ಧಕ್ಕೇ ನಿಂತಿತು (ಸಂಪಾದಕರು ಗಮನಿಸಬೇಕು). ಅಲ್ಲೇ ಇದ್ದ 18ರ ಹುಡುಗಿ ಮೇರಿಯದು (ಮುಂದೆ ಮೇರಿ ಶೆಲ್ಲಿ) 1818ರಲ್ಲಿ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯಾಗಿ ಬಂತು.

ಇದೆಲ್ಲ ನಿನಗೂ ಗೊತ್ತು. ನನಗೆ ಅಂಟಿಕೊಂಡದ್ದು ಅದಕ್ಕೂ ಹಿಂದಿನದು. 1815ರಲ್ಲಿ ಅವಳ ಮೊದಲ ಮಗು ದಿನ ತುಂಬದೆ ಹುಟ್ಟಿ ತೀರಿಕೊಂಡಿತ್ತು. ಎರಡು ವಾರ ಕಳೆಯುವುದರೊಳಗೆ ಡೈರಿಯಲ್ಲಿ ಒಂದು ಕನಸು ಬರೆದಳು. ಮಗು ಸತ್ತಿರಲಿಲ್ಲ, ತಣ್ಣಗಾಗಿತ್ತಷ್ಟೆ. ಬೆಂಕಿಯ ಮುಂದೆ ಹಿಡಿದು ಮೈ ಉಜ್ಜಿದರು, ಬದುಕಿತು.

ಇದನ್ನು ಓದಿದ ರಾತ್ರಿಯೇ ನನ್ನ ಕರಡಿನ ಬಗ್ಗೆ ನಿನ್ನ ಮೆಸೇಜು. "ಆ ಟಣ್ ಟಣ್ ಸದ್ದು ಸೂಪರ್, ಎಲ್ಲಿಂದ ತಂದೆ? ಆದರೆ ನಿನ್ನ ರಾಕ್ಷಸ ಯಾರಿಗೂ ಏನೂ ಮಾಡಲ್ವಲ್ಲೋ!"

ಆ 'ತಂದೆ'ಯನ್ನು ಎರಡೆರಡು ಸಲ ಓದಿದೆ.

ಏನೂ ಮಾಡಲ್ಲ, ನಿಜ. ಅವನ ಒಂದು ಕೈ ಏಳುವುದೇ ಇಲ್ಲ.

ಲಕ್ವ ಹೊಡೆದ ಮೇಲೆ ಅಪ್ಪನ ಮಾತು ತೊದಲುತ್ತಿತ್ತು. ರಾತ್ರಿ ಏನಾದರೂ ಬೇಕಾದರೆ ಸ್ಟೀಲ್ ಲೋಟದಿಂದ ಮಂಚದ ಸರಳಿಗೆ ತಟ್ಟುತ್ತಿದ್ದರು. ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಆ ನಡುವೆ ಕಿವಿಗೊಟ್ಟು ಕಾಯುತ್ತಿದ್ದರು ಅಂತ ಈಗ ಅನಿಸುತ್ತದೆ. ಒಂದು ರಾತ್ರಿ ನಾನು ಎಚ್ಚರವಿದ್ದೂ ಏಳಲಿಲ್ಲ. ದಣಿದಿದ್ದೆ ಅಂತ ಹೆಂಡತಿಗೆ ಹೇಳಿದ್ದೇನೆ. ಹೆದರಿದ್ದೆ ಕಣೋ. ಒಂದು ಕಡೆ ಜೋತುಬಿದ್ದ ಆ ಮುಖವನ್ನು ಕತ್ತಲಲ್ಲಿ ನೋಡೋಕೆ ಹೆದರಿದ್ದೆ. ಹೊದಿಕೆಯೊಳಗೆ ಮುದುಡಿ ಸದ್ದು ಎಣಿಸಿದೆ. ಹನ್ನೊಂದಕ್ಕೆ ನಿಂತಿತು. ಹನ್ನೆರಡನೆಯದಕ್ಕೆ ಬಹಳ ಹೊತ್ತು ಕಾದೆ.

ಬೆಳಿಗ್ಗೆ ಹೋದರೆ ಲೋಟ ನೆಲದ ಮೇಲೆ ಬಿದ್ದಿತ್ತು. ಅಪ್ಪ ನನ್ನನ್ನೇ ಕೇಳಿದರು, "ಚೆನ್ನಾಗಿ ನಿದ್ದೆ ಬಂತಾ?"

ರಾಕ್ಷಸ ತಟ್ಟಿದಾಗ ಬಾಗಿಲು ತೆಗೆಯಬಾರದು ಅಂತ ಕತೆಯಲ್ಲಿ ಒಂದು ನಿಯಮ ಇದೆಯಲ್ಲ? ತೆಗೆಯದವನೇ ಅದರಲ್ಲಿ ಜಾಣ. ಬರೆಯುವಾಗ ಬಲು ಚಂದದ ನಿಯಮ ಅನಿಸಿತ್ತು.

ಲೋ, ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಇನ್ನೊಂದು ವಾರ ಕೊಡು ಅಂತ ಕೇಳೋಕೆ ಕೂತಿದ್ದೆ. ಬೇಕಾದರೆ ಅವನಿಗೆ ಏಳು ಕಣ್ಣು, ಎರಡು ಬಾಲ ಅಂಟಿಸುತ್ತೇನೆ. ಕೊನೆಯಲ್ಲಿ ಯಾರನ್ನಾದರೂ ತಿನ್ನಲಿ. ಸಂಪಾದಕನನ್ನೇ ತಿಂದರೆ ಓದುಗರಿಗೂ ಖುಷಿ, ಅಲ್ವಾ? ಮತ್ತೆ, ಈ ಸಲವಾದರೂ ನನ್ನ ಹೆಸರಿನ ದೀರ್ಘ ನುಂಗಬೇಡ.

ಟಣ್ ಟಣ್ ಮಾತ್ರ ಇದ್ದ ಹಾಗೇ ಇರಲಿ.

ನಿನ್ನ,
ಟವೆಲ್ಲಿನ ಏಕೈಕ ಸಾಕ್ಷಿ