ಕೈಗೆ ಸೂಜಿ ಕೊಟ್ಟವರಿಗೆ

ನಮ್ಮ ಮನೆಯವರಿಗೆ ಕಿಡ್ನಿ ಕಸಿಯಾಗಿ ಈ ವಾರಕ್ಕೆ ಒಂದು ವರ್ಷ ತುಂಬಿತು. ರಿಪೋರ್ಟ್ ಎಲ್ಲ ಚೆನ್ನಾಗಿ ಬಂದಿವೆ. ಮಾತ್ರೆ ಜೀವನಪೂರ್ತಿ ಇದ್ದದ್ದೇ. ಜನ ಸೇರುವ ಕಡೆ ಮಾಸ್ಕ್ ಹಾಕಿಕೊಳ್ಳಬೇಕು, ಹೊರಗಿನ ಊಟ ನೋಡಿ ಮಾಡಬೇಕು. ಅಷ್ಟು ಬಿಟ್ಟರೆ ಮೊದಲಿನ ಹಾಗೆಯೇ ಓಡಾಡಿಕೊಂಡಿದ್ದಾರೆ. ಬೆಳಿಗ್ಗೆ ಅಂಗಡಿಯ ಬಾಗಿಲನ್ನು ತಾವೇ ತೆಗೆಯುತ್ತಾರೆ. ಇಷ್ಟು ಆಗಿದ್ದು ನಮ್ಮಿಬ್ಬರಿಂದಲೇ ಅಲ್ಲ. ಯಾರ್ಯಾರಿಂದ ಆಯಿತು ಅನ್ನೋದನ್ನು ಎಲ್ಲರ ಮುಂದೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ನಾದಿನಿ. ಅಣ್ಣನಿಗೆ ಕಿಡ್ನಿ ಕೊಟ್ಟವಳು ಅವಳೇ. ಡಾಕ್ಟರು ಮನೆಯವರನ್ನೆಲ್ಲ ಕೂಡಿಸಿ ವಿಷಯ ಹೇಳಿದ ದಿನ ಅವಳು ಜಾಸ್ತಿ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ, "ವೈನಿ, ನನ್ನ ರಕ್ತ ಯಾವಾಗ ಕೊಡಬೇಕು ಟೆಸ್ಟಿಗೆ? ಕೇಳಿ ಹೇಳ್ರಿ" ಅಂದಳು, ಅಷ್ಟೇ. ಅವಳ ಗಂಡ ಮತ್ತು ಅತ್ತೆ ಒಂದು ಮಾತಿಗೂ ಅಡ್ಡ ಬರಲಿಲ್ಲ. ಆ ಮನೆಯ ಋಣ ನಮ್ಮ ತಲೆಯ ಮೇಲೆ ಯಾವತ್ತೂ ಇರುತ್ತದೆ. ಡಾಕ್ಟರುಗಳಿಗೆ, ನರ್ಸುಗಳಿಗೆ, ಅಂಗಡಿಯ ಬಾಕಿ ಕೇಳದೆ ಸುಮ್ಮನಿದ್ದ ಹೋಲ್‌ಸೇಲ್ ಅಣ್ಣಂದಿರಿಗೆ, ನಾನು ಇಲ್ಲದಾಗ ಮಗಳಿಗೆ ಊಟ ಹಾಕಿದ ಓಣಿಯವರಿಗೆ ಕೈಮುಗಿದು ಹೇಳುತ್ತೇನೆ, ನಿಮ್ಮನ್ನು ಮರೆಯುವುದಿಲ್ಲ.

ಇನ್ನು ಮುಂದೆ ಬರೆಯೋದೆಲ್ಲ ಡಯಾಲಿಸಿಸ್ ವಾರ್ಡಿನ ಹೊರಗೆ ನನ್ನ ಜೊತೆ ಕೂತವರಿಗೆ. ನನಗೆ ಕೌದಿ ಹೊಲಿಯೋದು ಕಲಿಸಿದವರು ಅವರು.

ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಒಂದೊಂದು ಸಲಕ್ಕೆ ಹತ್ತಿರ ಹತ್ತಿರ 4 ತಾಸು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅವರನ್ನು ಒಳಗೆ ಕಳಿಸಿ, ನಾವು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆವು. ಒಳಗೆ ರಕ್ತ ಕೈಯಿಂದ ಪೈಪಿಗೆ, ಪೈಪಿನಿಂದ ಮಷೀನಿಗೆ ಹೋಗಿ, ಶುದ್ಧವಾಗಿ ತಿರುಗಿ ಮೈಗೆ ಬರುತ್ತದೆ. ಹೊರಗೆ ಸುತ್ತಿ ಬರುವಾಗ ರಕ್ತ ತಣ್ಣಗಾಗುತ್ತದೆ. ಮೇಲೆ ಎ.ಸಿ. ಬೇರೆ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಿನಲ್ಲೂ ನಮ್ಮ ಮನೆಯವರು ಹಲ್ಲು ಕಡಿದುಕೊಂಡು ನಡುಗುತ್ತಿದ್ದರು. ಅಲ್ಲಿ ಕೊಡುವ ರಗ್ಗು ಚುಚ್ಚುತ್ತದೆ ಅಂತ ನಾನು ಮನೆಯಿಂದ ಅತ್ತೆ ಹೊಲಿದಿಟ್ಟಿದ್ದ ಹಳೆಯ ಕೌದಿ ಒಯ್ದೆ. ಹೊದಿಸಿದ ಸ್ವಲ್ಪ ಹೊತ್ತಿಗೇ ನಿದ್ದೆ ಹತ್ತಿತು.

ಆದರೆ ಒಂದು ತೊಂದರೆ ಇತ್ತು. ಸೂಜಿ ಚುಚ್ಚಿದ ಕೈಯನ್ನು ಮುಚ್ಚುವ ಹಾಗಿಲ್ಲ. ಹೊದಿಕೆಯ ಒಳಗೆ ಸೂಜಿ ಜಾರಿ ರಕ್ತ ಹರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಜೀವಕ್ಕೇ ಅಪಾಯ. ಅದಕ್ಕೆ ಟೆಕ್ನೀಷಿಯನ್ ಪ್ರತಿ ಸಲವೂ ಕೌದಿ ಸರಿಸಿ ಕೈ ಹೊರಗೆ ಇಡುತ್ತಿದ್ದರು. ಅವರು ಮಾಡುತ್ತಿದ್ದದ್ದು ಸರಿಯೇ. ಕೈ ಹೊರಗೆ ಬಂತು ಅಂದರೆ ಭುಜ, ಎದೆಯ ಒಂದು ಭಾಗ ಎಲ್ಲ ತೆರೆದುಕೊಳ್ಳುತ್ತಿತ್ತು. ಚಳಿ ಮತ್ತೆ ಶುರು.

ಬೆಂಚಿನ ಆ ತುದಿಗೆ ಒಬ್ಬರು ಆಯಿ ಕೂರುತ್ತಿದ್ದರು. ಗೊಂದಲಿಗರ ಮನೆತನದವರು. ಗಂಡಸರು ಅಂಬಾಭವಾನಿಯ ಗೊಂದಲ, ಅಂದರೆ ದೇವಿಯ ಹಾಡು-ಕಥೆಯ ಪೂಜೆ, ಹಾಕುವವರು, ಹೆಣ್ಣುಮಕ್ಕಳು ಊರೂರು ತಿರುಗಿ ಕೌದಿ ಹೊಲಿದು ಕೊಡುವವರು. ಮಗನನ್ನು ಕರೆದುಕೊಂಡು ಬರುತ್ತಿದ್ದರು. ನಾನು ಯಾರಿಗೋ ಈ ಕೈಯ ಕಥೆ ಹೇಳುತ್ತಿದ್ದದ್ದನ್ನು ಕೇಳಿ, "ಅದಕ್ಯಾಕ ಇಷ್ಟ್ ಚಿಂತಿ ಮಾಡ್ತಿ ತಂಗಿ? ಆ ಬಾಜೂಕ ಗಿಡ್ಡ ಮಾಡಿ ಹೊಲದ್ರ ಆತಲ್ಲ" ಅಂದರು. ಮುಂದಿನ ಸಲ ಹೋದಾಗಲೇ ಟೆಕ್ನೀಷಿಯನ್‌ಗೆ ಕೇಳಿದೆವು. ಎಲ್ಲಿಂದ ಎಲ್ಲಿವರೆಗೆ ಕಾಣಬೇಕು ಅಂತ ಅವರು ತಮ್ಮ ಕೈಮೇಲೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು. ಆ ಗೆರೆಯನ್ನು ನೋಡಿ ಆಯಿ ಕೌದಿಯ ಅಳತೆ ಮಾಡಿದರು. ಭುಜ, ತೋಳಿನ ಮೇಲ್ಭಾಗ ಮುಚ್ಚಬೇಕು. ಮೊಣಕೈಯಿಂದ ಕೆಳಗೆ ಪೂರ್ತಿ ತೆರೆದಿರಬೇಕು. ಎಡಗಡೆಗೆ ಒಂದು ದೊಡ್ಡ ಖಾಲಿ ಚೌಕ ಬಿಟ್ಟ ಕೌದಿ ಅದು. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ.

ಹೊಲಿಯೋದನ್ನು ಕಲಿತದ್ದು ಅದರ ಮೇಲೆಯೇ. ಕೆಳಗೆ ಒಂದು ಇಡೀ ಸೀರೆಯ ಹಾಸು. ನಡುವೆ ಜೀರ್ಣವಾದ ಧೋತರ. ಮೇಲೆ ಬಣ್ಣದ ತುಂಡುಗಳು. ಮೊದಲು ಉದ್ದುದ್ದ ಟಾಕು ಹಾಕಿ ಮೂರನ್ನೂ ಹಿಡಿದು ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗಿನ ಬಟ್ಟೆ ಒಂದು ಕಡೆ ಮುದ್ದೆಯಾಗುತ್ತದೆ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತಲೂ ಹೊಲಿಯುತ್ತ ಒಳಗೆ ಬರಬೇಕು. ಒಂದು ಸಾಲು ಮುಗಿದರೆ ಅದರ ಪಕ್ಕಕ್ಕೆ ಇನ್ನೊಂದು. ಆಯಿ ಬಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಎಡಗೈಯ ಬೆರಳು ಕೆಳಗಿನಿಂದ ಸೂಜಿಯ ಮೊನೆಯನ್ನು ಮುಟ್ಟಿ ಮೇಲೆ ಕಳಿಸುತ್ತಿತ್ತು, ಬಲಗೈ ಒಂದೇ ಸಲಕ್ಕೆ ನಾಲ್ಕಾರು ಟಾಕು ಪೋಣಿಸಿ ದಾರ ಎಳೆಯುತ್ತಿತ್ತು. ದಾರ ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಮಲಗಿದವರ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಎಷ್ಟು ಎಳೆಯಬೇಕು ಅಂತ ಬಾಯಲ್ಲಿ ಹೇಳಲು ಬರುವುದಿಲ್ಲ. ನನ್ನ ಕೈಮೇಲೆ ಕೈಯಿಟ್ಟು ಎಳೆಸಿದರು.

ಮುಗಿಯುವ ದಿನ ಕೊನೆಯ ಮೂಲೆ ಮುಚ್ಚುವ ಮುಂಚೆ ಆಯಿ ತಮ್ಮ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಒಂದು ಸಣ್ಣ ಚೂರು ಒಳಗಿಟ್ಟರು. "ಕೌದಿ ಹೊಟ್ಟಿ ಖಾಲಿ ಇಟ್ಟು ಮುಚ್ಚಬಾರದವ್ವಾ" ಅಂದರು. ಆಸ್ಪತ್ರೆಗೆ ಒಯ್ಯುವ ಬಟ್ಟೆ, ಇರುವೆ ಹತ್ತಿದರೆ ಏನು ಗತಿ ಅಂತ ಒಬ್ಬರು ಕೇಳಿದ್ದಕ್ಕೆ ಆ ಚೂರನ್ನು ತೆಗೆದು, ಬದಲಿಗೆ ಒಂದು ಒಣ ಜೋಳದ ಕಾಳಿಟ್ಟು ಹೊಲಿದರು. ಕೇಳಿದವರ ಮೇಲೆ ಒಂಚೂರೂ ಬೇಜಾರಾಗಲಿಲ್ಲ ಅವರಿಗೆ.

ಆ ಒಂದು ಕೌದಿ ನೋಡಿ ಬೆಂಚಿನ ಮೇಲಿನವರು ಒಬ್ಬೊಬ್ಬರೇ ಸೂಜಿ ಹಿಡಿದರು. ಜನ ಕೌದಿ ಯಾಕೆ ಹೊಲಿಯುತ್ತಾರೆ ಅಂದರೆ ಮೊದಲೆಲ್ಲ ನನ್ನ ಉತ್ತರ ಒಂದೇ ಇತ್ತು: ಹಳೆಯ ಬಟ್ಟೆ ಹಾಳಾಗಬಾರದು ಅಂತ. ಈಗ ಹಾಗೆ ಹೇಳಲಾರೆ. ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಲ್ಲಿ ಕಡಿಮೆ ದುಡ್ಡಿಗೇ ಬ್ಲ್ಯಾಂಕೆಟ್ ಸಿಗುತ್ತವೆ, ಅಲ್ವಾ? ಆದರೂ ಇಷ್ಟು ಜನ ಕೂತು ಹೊಲಿದರು. ಒಬ್ಬೊಬ್ಬರಿಗೂ ತಮ್ಮದೇ ಕಾರಣ ಇತ್ತು.

ಬ್ಯಾಡಗಿ ಕಡೆಯ ಅಕ್ಕ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದವರು. "ಕೈ ಸುಮ್ನ ಇಟ್ಕೊಂಡು ಕುಂತ್ರ ತಲ್ಯಾಗ ಇಲ್ಲದ್ದೆಲ್ಲ ಬರ್ತೈತಿ" ಅಂತ ಮೊದಲ ದಿನವೇ ಸೂಜಿ ಕೇಳಿ ತೆಗೆದುಕೊಂಡರು. ಬೆಟಗೇರಿಯಿಂದ ಬರುತ್ತಿದ್ದವರು ನೇಕಾರರ ಮನೆಯವರು. ಅವರಿಗೆ ನೂಲಿನ ಬಟ್ಟೆ ಕಸಕ್ಕೆ ಬೀಳೋದನ್ನು ಕಣ್ಣಿಂದ ನೋಡೋಕಾಗಲ್ಲ. ಮಗ್ಗದ ಮನೆಯ ತುಂಡು ಬಟ್ಟೆಯನ್ನೆಲ್ಲ ಚೀಲ ತುಂಬಿ ತರುತ್ತಿದ್ದರು. ನಮ್ಮ ಅರ್ಧ ಬಣ್ಣ ಅವರದ್ದೇ. ನವಲಗುಂದದ ಒಬ್ಬ ಹುಡುಗಿ ಆಗ ಬಸುರಿ. ಒಳಗೆ ಮಲಗಿದ್ದವರು ಅವಳ ಅತ್ತೆ. ಮೊಮ್ಮಗುವನ್ನು ಎತ್ತಿಕೊಳ್ಳೋಕೆ ಆಗುತ್ತೋ ಇಲ್ಲವೋ ಅಂತ ಅತ್ತೆ ದಿನಾ ಅಳುತ್ತಿದ್ದರಂತೆ. ಅತ್ತೆಯ ಮೆತ್ತಗಾದ ಇಳಕಲ್ ಸೀರೆಯ ಒಡಲು ತಂದು ಕೂಸಿನ ಕೌದಿ ಹೊಲಿದಳು. ಉಳಿದ ಖಣದ ಬಟ್ಟೆಯಲ್ಲಿ ಕೂಸಿನ ತಲೆಗೆ ಹಾಕುವ ಒಂದು ಕುಂಚಿಗೆಯೂ ಆಯಿತು. ಅತ್ತೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ಫೋಟೋ ನನ್ನ ಫೋನಿನಲ್ಲಿ ಇದೆ.

ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಅಕ್ಕನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು ಇರುತ್ತದೆ, ಅದಿಲ್ಲದೆ ಕೌದಿ ಮುಗಿದ ಲೆಕ್ಕವೇ ಅಲ್ಲ. ಕೈಗೆ ಜಾಗ ಬಿಟ್ಟ ನಮ್ಮ ಕೌದಿಗೆ ಮೂಲೆಗಳೇ ಜಾಸ್ತಿ. ಅವರು ಎಲ್ಲದಕ್ಕೂ ಹೂವು ಕೂಡಿಸಿಬಿಟ್ಟರು.

ಇನ್ನೊಬ್ಬರನ್ನು ವಿಶೇಷವಾಗಿ ನೆನೆಯಬೇಕು. ಲಾರಿ ಓಡಿಸುವ ಅಣ್ಣ. ಒಳಗೆ ಮಲಗುತ್ತಿದ್ದದ್ದು ಅವರ ಶಾಲೆಗೆ ಹೋಗುವ ಮಗಳು. ಹೆಂಗಸರ ನಡುವೆ ಬಂದು ಕೂರೋದಕ್ಕೆ ಬಹಳ ದಿನ ಹಿಂದೆಮುಂದೆ ನೋಡಿದರು. ಒಂದಿನ ಮಗಳೇ, "ಪಪ್ಪಾ, ಎಲ್ಲಾರಿಗೂ ಐತಿ, ನನಗಿಲ್ಲ" ಅಂದಳಂತೆ. ಆ ಮಧ್ಯಾಹ್ನ ಬಂದು ಕೂತರು. ತಾಡಪತ್ರಿ ಹರಿದರೆ ದಾರಿಯಲ್ಲೇ ದಬ್ಬಣ ಹಿಡಿದು ಹೊಲಿದು ಅಭ್ಯಾಸವಾದ ಕೈ ಅದು. ಅವರ ಟಾಕು ನಮ್ಮೆಲ್ಲರಿಗಿಂತ ನೆಟ್ಟಗೆ ಬರುತ್ತಿತ್ತು. ಬಣ್ಣ ಮಾತ್ರ ಮಗಳದ್ದೇ ಆಯ್ಕೆ. ಹಳದಿ ಪಕ್ಕಕ್ಕೆ ನೀಲಿಯೇ ಬೇಕು ಅಂತ ಗಾಜಿನ ಬಾಗಿಲಿನ ಆ ಕಡೆಯಿಂದ ಬೆರಳು ಮಾಡಿ ತೋರಿಸುತ್ತಿದ್ದಳು.

ಎಲ್ಲರೂ ಮನೆಗೆ ವಾಪಸ್ ಹೋದರು ಅಂತ ಬರೆಯೋಕೆ ಆಗುವುದಿಲ್ಲ. ಸವಣೂರಿನ ಅವ್ವ ಒಬ್ಬರು ಮಗನನ್ನು ಕಳೆದುಕೊಂಡರು. ಕೌದಿ ಅರ್ಧದಲ್ಲಿತ್ತು. ತಿಂಗಳ ಮೇಲೆ ಅವರೇ ಬಂದರು, ಮಗನ ಅಂಗಿಗಳನ್ನು ಗಂಟು ಕಟ್ಟಿಕೊಂಡು. ಅಂಗಿ ಕತ್ತರಿಸುವಾಗ ಯಾರೂ ಮಾತಾಡಲಿಲ್ಲ. ಕಿಸೆಗಳನ್ನು ಬಿಚ್ಚಬೇಡಿ ಅಂದರು. ಹಾಗೇ ಇಟ್ಟು ಹೊಲಿದೆವು. ಮನೆಗೆ ಬಂದು ಮಗಳಿಗೆ ಹೇಳಿದಾಗ ಅವಳು ಅಮೆರಿಕದ ಒಂದು ದೊಡ್ಡ ಕೌದಿಯ ಫೋಟೋ ತೋರಿಸಿದಳು. ಏಡ್ಸ್‌ನಲ್ಲಿ ತೀರಿಕೊಂಡವರಿಗಾಗಿ ಅವರ ಮನೆಯವರು, ಗೆಳೆಯರು ಹೊಲಿದ ತುಂಡುಗಳು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ, ಅಂದರೆ ಒಂದು ಸಮಾಧಿಯ ಅಳತೆ. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಅಂಥ 1,920 ತುಂಡುಗಳನ್ನು ಹಾಸಿದ್ದರಂತೆ. ಸತ್ತವರ ಅಂಗಿ, ಜೀನ್ಸ್, ಗೊಂಬೆಗಳು ಕೂಡ ಅದರ ಮೇಲೆ ಇದ್ದವು. ಸವಣೂರಿನ ಅವ್ವನಿಗೆ ಆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಇವರಿಗೂ ಹಿಂಗ ಆಗೈತಲ್ಲವಾ" ಅಂದರು. ಅವ್ವಾ, ಅಷ್ಟು ದುಃಖದಲ್ಲೂ ನೀವು ನಮ್ಮವರ ರಿಪೋರ್ಟ್ ಹೇಗಿದೆ ಅಂತ ಕೇಳುತ್ತಿದ್ದಿರಿ. ಅದನ್ನು ನಾನು ಸಾಯೋವರೆಗೂ ನೆನೆಯುತ್ತೇನೆ.

ಮೆಟ್ಟಿಲ ಕೆಳಗಿನ ಜಾಗದಲ್ಲಿ ಚಾಪೆ ಹಾಸಿಕೊಳ್ಳೋಕೆ ಬಿಟ್ಟ ವಾಚ್‌ಮನ್ ಕಾಕಾ, ತುಂಡು ಬಟ್ಟೆ ಕೂಡಿಸಿ ಇಡುತ್ತಿದ್ದ ಟೇಲರ್ ಅಣ್ಣ, ಕತ್ತರಿ ಸಾಣೆ ಹಿಡಿಸಿಕೊಟ್ಟ ಕ್ಯಾಂಟೀನ್ ಹುಡುಗ, ನಿಮಗೂ ಈ ಕೌದಿಗಳಲ್ಲಿ ಪಾಲಿದೆ.

ಆಯಿಯ ಬಗ್ಗೆ ಇನ್ನೊಂದು ಮಾತು. ಈಗ ಪೇಟೆಯಲ್ಲಿ ಕೌದಿಗೆ ಬೆಲೆ ಬಂದಿದೆ, ಸೋಫಾದ ಮೇಲೆ ಹಾಸುತ್ತಾರೆ, ಗೋಡೆಗೆ ಹಾಕುತ್ತಾರೆ. ನನಗೆ ಅದು ಸಂತೋಷವೇ. ಆದರೆ ಮನೆ ಬಾಗಿಲಿಗೆ ಬಂದು ಕೂತು, ಬೆನ್ನು ಬಗ್ಗಿಸಿ ಹೊಲಿಯುವ ಹೆಣ್ಣುಮಕ್ಕಳ ಜೊತೆ ನಾವು ಕೂಲಿಗೆ ಚೌಕಾಸಿ ಮಾಡುತ್ತೇವೆ. ದಯವಿಟ್ಟು ಮಾಡಬೇಡಿ. ಒಂದು ದೊಡ್ಡ ಕೌದಿಯಲ್ಲಿ ಎಷ್ಟು ಸಾವಿರ ಟಾಕು ಇರುತ್ತವೆ ಅಂತ ಹೊಲಿದವರಿಗೆ ಮಾತ್ರ ಗೊತ್ತು.

ನಮ್ಮ ಮನೆಯವರಿಗೆ ಈಗ ಆ ಕೌದಿ ಬೇಕಾಗಿಲ್ಲ. ಆದರೆ ಬೆಂಚಿನ ಮೇಲಿನ ಕೆಲವರು ಇನ್ನೂ ಅಲ್ಲೇ ಇದ್ದಾರೆ, ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಕಿಡ್ನಿಗಾಗಿ ಹೆಸರು ಹಚ್ಚಿ ಕಾಯುತ್ತಿದ್ದಾರೆ. ಹೊಸಬರೂ ಬರುತ್ತಿದ್ದಾರೆ. ವಾರಕ್ಕೊಂದು ಮಧ್ಯಾಹ್ನ ನಾನು ಈಗಲೂ ಹೋಗಿ ಹೊಲಿಯುತ್ತೇನೆ. ನಾದಿನಿಯೂ ಬರುತ್ತಾಳೆ. ದಾರ ಪೋಣಿಸಿ ಕೊಡೋದರಿಂದ ಶುರು ಮಾಡಿದವಳು ಈಗ ಅಂಚು ಹಿಡಿಯೋದನ್ನು ಕಲಿತಿದ್ದಾಳೆ.

ದಸರೆಗೆ ಮುಂಚೆ ಎಲ್ಲರ ಮನೆಯಲ್ಲೂ ಹಾಸಿಗೆ ಹೊದಿಕೆ ತೊಳೆಯುವ ಕೆಲಸ ಇದ್ದೇ ಇರುತ್ತದೆ. ಆಗ ಟ್ರಂಕಿನಲ್ಲಿ ಹಳೆಯ ಕಾಟನ್ ಸೀರೆ, ಧೋತರ ಸಿಕ್ಕರೆ ತೆಗೆದಿಡಿ. ಜರಿ ಬೇಡ, ಚುಚ್ಚುತ್ತದೆ. ಪಾಲಿಯೆಸ್ಟರ್ ಬೇಡ, ಬೆವರು ಹೀರುವುದಿಲ್ಲ. ನಿಮ್ಮ ಮನೆಯಲ್ಲೇ ಡಯಾಲಿಸಿಸ್‌ಗೆ ಹೋಗುವವರು ಇದ್ದು ನೀವೇ ಹೊಲಿಯೋದಾದರೆ, ಮೂರು ಪದರಕ್ಕಿಂತ ದಪ್ಪ ಮಾಡಬೇಡಿ. ಪ್ರತಿ ಸಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಪೂರ್ತಿ ಒಣಗಿಸಬೇಕು, ದಪ್ಪನೆಯದು ಬೇಗ ಒಣಗುವುದಿಲ್ಲ. ಒಬ್ಬರದ್ದನ್ನು ಇನ್ನೊಬ್ಬರಿಗೆ ಹೊದಿಸಬೇಡಿ, ಮೂಲೆಗೆ ಹೆಸರು ಹೊಲಿದುಬಿಡಿ. ಕತ್ತರಿ ಹಾಕುವ ಮುಂಚೆ ವಾರ್ಡಿನ ಟೆಕ್ನೀಷಿಯನ್‌ಗೆ ಕೇಳಿ: ಯಾವ ಕೈ, ಎಲ್ಲಿಂದ ಎಲ್ಲಿವರೆಗೆ ಕಾಣಬೇಕು. ಕುತ್ತಿಗೆಗೆ ಪೈಪ್ ಹಾಕಿದವರದ್ದು ಬೇರೆಯೇ ಅಳತೆ, ಅವರಿಗೆ ಎದೆಯ ಕೆಳಗಿನಿಂದಲೇ ಕೌದಿ ಶುರುವಾಗಬೇಕು.