ಆ ಯುದ್ಧದ ಕತೆಯನ್ನು ಅಲ್ಲೇ ಬಿಟ್ಟರು

ಮಾನ್ಯ ಸಂಪಾದಕರೇ,

ಅರ್ಧಕ್ಕೆ ನಿಂತ ಸಿನಿಮಾಗಳ ಬಗ್ಗೆ ರವಿವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ‘ಟರ್ಮಿನೇಟರ್ ಸಾಲ್ವೇಷನ್’ ಚಿತ್ರದ ಮುಂದಿನ ಭಾಗ ಬರಲೇ ಇಲ್ಲ ಅಂತ ಬರೆದವರು ಮರುಗಿದ್ದಾರೆ. ನನಗೂ ಬೇಜಾರಿದೆ. ಆದರೆ ಅದು ನಿಂತಿದ್ದಕ್ಕಿಂತ, ಅದರಲ್ಲಿ ಹೇಳಬೇಕು ಅಂತಿದ್ದ ಕತೆ ಕೇಳಿ ಜಾಸ್ತಿ ಬೇಜಾರಾಯಿತು.

ಶಹಾಬಾದಿನಲ್ಲಿ ನನ್ನದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್, ಮುಂಗಾರಿಗೆ ಮುಂಚೆ ರೈತರ ಕೂರಿಗೆ ರಿಪೇರಿ. 2009ರಲ್ಲಿ ಬಂದ ಆ ಚಿತ್ರವನ್ನು ಅಂಗಡಿ ಮುಚ್ಚಿದ ಮೇಲೆ ತಮ್ಮನ ಜೊತೆ ಹಿಂದಿ ಸಿಡಿಯಲ್ಲಿ ನೋಡಿದೆ. ಆಗ ನಮ್ಮ ಜಿಲ್ಲೆ ಇನ್ನೂ ಗುಲ್ಬರ್ಗಾ. ನಡುವೆ ಕರೆಂಟ್ ಹೋಯಿತು. ಬರೋವರೆಗೂ ಕತ್ತಲಲ್ಲೇ ಕೂತು ಅದೇ ಮಾತು.

ಟರ್ಮಿನೇಟರ್ ಸರಣಿಯ ಕತೆ ಮನುಷ್ಯರಿಗೂ ಯಂತ್ರಗಳಿಗೂ ಮುಂದೆ ನಡೆಯುವ ಯುದ್ಧದ್ದು. 1984ರ ಮೊದಲ ಚಿತ್ರದಲ್ಲಿ, ಸಾರಾ ಕಾನರ್ ಎಂಬ ಹೆಣ್ಣುಮಗಳನ್ನು ಕಾಪಾಡಲು ಆ ಕಾಲದಿಂದ ಹಿಂದಕ್ಕೆ ಬಂದ ಸೈನಿಕ ಕೈಲ್ ರೀಸ್ ಒಂದು ಮಾತು ಹೇಳುತ್ತಾನೆ. 600 ಮಾದರಿಯ ಯಂತ್ರಗಳಿಗೆ ರಬ್ಬರ್ ಚರ್ಮ ಇತ್ತು, ನೋಡಿದ ಕೂಡಲೇ ಗುರುತು ಸಿಗುತ್ತಿತ್ತು ಅಂತ. ಸುಮ್ನೆ ಬಂದುಹೋಗುವ ಮಾತು. 25 ವರ್ಷದ ಮೇಲೆ ‘ಸಾಲ್ವೇಷನ್’ನಲ್ಲಿ ಆ ಯಂತ್ರವನ್ನೇ ಕಣ್ಣೆದುರು ನಿಲ್ಲಿಸಿದರು. ದೊಡ್ಡ ಮೈ, ಹರಿದ ರಬ್ಬರ್, ಒಳಗೆ ಒರಟು ಕಬ್ಬಿಣ. ದಿನಾ ಕಬ್ಬಿಣ ಎತ್ತುವ ನನಗೆ ಅದರ ಭಾರ ಕೈಗೇ ಗೊತ್ತಾಯಿತು. ಚಿತ್ರವನ್ನು ಬೈದವರು ಬಹಳ ಮಂದಿ. ಆದರೆ ಅಲ್ಲಿವರೆಗೆ ತುಣುಕು ತುಣುಕಾಗಿ ಕಂಡ ಯುದ್ಧವನ್ನು ಇಡೀ ಸಿನಿಮಾದಲ್ಲಿ ತೋರಿಸಿದ್ದು ಅದೇ ಮೊದಲು.

‘ಸಾಲ್ವೇಷನ್’ ಕತೆ ನಡೆಯುವುದು 2018ರಲ್ಲಿ. ಕೈಲ್ ಇನ್ನೂ ಹುಡುಗ. ಅವನು ಕಾಲ ದಾಟಿ ಹೊರಡುವುದು 2029ರಿಂದ. ನಡುವೆ 11 ವರ್ಷ ಇದೆ, ಅಲ್ವಾ? ಮನುಷ್ಯರ ಪಡೆಯ ನಾಯಕ ಜಾನ್ ಕಾನರ್, ಸಾರಾಳ ಮಗ. ತನ್ನ ತಂದೆಯಾಗಬೇಕಾದ ಹುಡುಗ ಕೈಲ್‌ನನ್ನು ಅವನು ಹೇಗೆ ಬೆಳೆಸಿದ? ಸಾಯುತ್ತಾನೆ ಅಂತ ಗೊತ್ತಿದ್ದೂ ಹೇಗೆ ಕಳಿಸಿದ?

ಮುಂದಿನ ಭಾಗಕ್ಕೆ ನಿರ್ದೇಶಕ ಮೆಕ್‌ಜಿ ಆಗ ಹೇಳಿದ ಯೋಜನೆಯೇ ಬೇರೆ. ಜಾನ್ 2011ಕ್ಕೆ ಬರುತ್ತಾನಂತೆ. ಜಗತ್ತಿನ ಸೈನ್ಯಗಳನ್ನು ಒಗ್ಗೂಡಿಸುತ್ತಾನಂತೆ. ಯಂತ್ರಗಳನ್ನು ಆಳುವ ಕಂಪ್ಯೂಟರ್ ಸ್ಕೈನೆಟ್‌ನ ದೊಡ್ಡ ಯಂತ್ರಗಳೂ ನಮ್ಮ ಕಾಲಕ್ಕೇ ಬಂದಿಳಿಯುತ್ತವಂತೆ. ಮತ್ತೆ ನಮ್ಮ ಕಾಲ, ನಮ್ಮ ರಸ್ತೆಗಳು! ಅದನ್ನು ಅಷ್ಟರಲ್ಲಿ ಮೂರು ಸಲ ನೋಡಿಯಾಗಿತ್ತು.

ಖರೇ ಹೇಳಬೇಕೆಂದರೆ ನನ್ನನ್ನು ಚುಚ್ಚಿದ್ದು ಆ ಯಂತ್ರಗಳ ಮಾತು. ಜೀವ ಇರುವ ಮಾಂಸ ಸುತ್ತಿದ್ದರೆ ಮಾತ್ರ ಕಾಲ ದಾಟಬಹುದು ಅಂತ ಮೊದಲ ಚಿತ್ರವೇ ಕಟ್ಟಳೆ ಹಾಕಿತ್ತು. ಅದಕ್ಕೇ ಕೈಲ್ ಮೈಮೇಲೆ ನೂಲೆಳೆಯೂ ಇಲ್ಲದೆ, ಆಯುಧವಿಲ್ಲದೆ ಬಂದು ಬಿದ್ದ. ದೊಡ್ಡ ದೊಡ್ಡ ಯಂತ್ರಗಳನ್ನೇ ದಾಟಿಸಲು ಸ್ಕೈನೆಟ್ ಕಲಿತಿದ್ದರೆ, 2029ರಲ್ಲಿ ಸಾರಾಳನ್ನು ಕೊಲ್ಲಲು ಒಂದೇ ಒಂದು ಯಂತ್ರ ಯಾಕೆ ಕಳಿಸಿತು? ಬರಿಗೈಲಿ ಬಂದು ಹೋರಾಡಿದ ಕೈಲ್‌ಗೆ ಇದು ಅನ್ಯಾಯ.

ನಿರ್ಮಾಣ ಸಂಸ್ಥೆ ಹಾಲ್ಸಿಯಾನ್ 2009ರಲ್ಲೇ ದಿವಾಳಿ ಅರ್ಜಿ ಹಾಕಿತು. 2010ರಲ್ಲಿ ಹಕ್ಕುಗಳು ಬೇರೆಯವರ ಪಾಲಾದವು. 2015ರ ಚಿತ್ರ ಬೇರೆ ಎಳೆ ಹಿಡಿಯಿತು. ಹುಡುಗ ಕೈಲ್ ಆಗಿದ್ದ ಆಂಟನ್ ಯೆಲ್ಚಿನ್ 2016ರಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಕೆಲಸ ಮಾಡೋಕೆ ಮನಸ್ಸೇ ಬರಲಿಲ್ಲ.

ಜಾನ್ ತನಗೆ ಸಾರಾಳ ಫೋಟೊ ಕೊಟ್ಟಿದ್ದ, ಯಾಕೆ ಅಂತ ಗೊತ್ತಿರಲಿಲ್ಲ ಅಂತಲೂ ಕೈಲ್ ಮೊದಲ ಚಿತ್ರದಲ್ಲಿ ಹೇಳುತ್ತಾನೆ. ಕರೆಂಟ್ ಹೋದ ಆ ರಾತ್ರಿ ತಮ್ಮ ಕೇಳಿದ್ದು ಅದನ್ನೇ. ‘ಅಣ್ಣಾ, ಮುಂದಿನ ಪಾರ್ಟ್‌ನಲ್ಲಿ ಆ ಫೋಟೊ ಕೊಡೋದು ತೋರಿಸ್ತಾರೇನು?’ ತೋರಿಸೇ ತೋರಿಸ್ತಾರೆ ಅಂದಿದ್ದೆ.

ನಿಮ್ಮ ಓದುಗ,
ಶಹಾಬಾದ್, ಕಲಬುರಗಿ ಜಿಲ್ಲೆ